ಬೀಫ್ ಸ್ಟರ್ ಫ್ರೈ: ಬಾಣಲೆಯಲ್ಲಿ ನೀರು ನಿಂತರೆ ಕೆಟ್ಟಿತು

ಬಾಣಲೆಗೆ ಬೀಫ್ ಹಾಕಿದ ಒಂದು ನಿಮಿಷಕ್ಕೆ ಚುರ್ ಎನ್ನುತ್ತಿದ್ದ ಸದ್ದು ಇಳಿದು ಗುಳುಗುಳು ಎನ್ನತೊಡಗಿದರೆ ಅವತ್ತಿನ ಸ್ಟರ್ ಫ್ರೈ ಹೋಯಿತೆಂದೇ ಲೆಕ್ಕ. ತಳದಲ್ಲಿ ಬೂದಿ ಬಣ್ಣದ ನೀರು, ಅದರಲ್ಲಿ ಕುದಿಯುವ ಬೂದಿ ಬಣ್ಣದ ಮಾಂಸ, ಮೇಲೆ ಸೋತು ಬಿದ್ದ ತರಕಾರಿ. ಆಮೇಲೆ ಸಾಸ್ ಎಷ್ಟು ಸುರಿದರೂ ಚೈನೀಸ್ ಹೋಟೆಲಿನ ರುಚಿ ಬರುವುದಿಲ್ಲ. ಹೆಚ್ಚಿನವರು ಸಾಸನ್ನು ದೂರುತ್ತಾರೆ, ಮುಂದಿನ ಸಲ ಬೇರೆ ಬಾಟಲಿ ತರುತ್ತಾರೆ. ಕೆಡಿಸಿದ್ದು ಸಾಸಲ್ಲ, ನೀರು.

ಲೆಕ್ಕ ಹಾಕಿದರೆ ಇದು ಕಣ್ಣಿಗೇ ಕಾಣುತ್ತದೆ. ಹಸಿ ಮಾಂಸದಲ್ಲಿ ಮುಕ್ಕಾಲು ಪಾಲು ನೀರೇ. ಅಮೆರಿಕದ ಮನೆಗಳ ಗ್ಯಾಸ್ ಒಲೆಯಲ್ಲಿ ದೊಡ್ಡ ಬರ್ನರ್ ಗಂಟೆಗೆ ಸಾಮಾನ್ಯವಾಗಿ 12,000ದಿಂದ 15,000 ಬಿಟಿಯು (ಅಲ್ಲಿ ಒಲೆಯ ಶಾಖ ಅಳೆಯುವ ಮಾನ) ಕೊಡುತ್ತದೆ, ಅಂದರೆ ಸುಮಾರು ಮೂರೂವರೆಯಿಂದ ನಾಲ್ಕೂವರೆ ಕಿಲೊವ್ಯಾಟ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಣಲೆಯ ಪಕ್ಕದಿಂದ ಗಾಳಿಗೆ ಹೋಗುತ್ತದೆ. ಕುದಿಯುವ ಒಂದು ಗ್ರಾಂ ನೀರು ಆವಿಯಾಗಲು 2,260 ಜೂಲ್ ಬೇಕು. ಮಾಂಸದಿಂದ 100 ಗ್ರಾಂ ನೀರು ಹೊರಬಿತ್ತು ಅಂದುಕೊಳ್ಳಿ. ಅದನ್ನು ಆರಿಸಲಿಕ್ಕೇ ಸುಮಾರು ಎರಡೂವರೆ ನಿಮಿಷ ಹೋಗುತ್ತದೆ. ಅಷ್ಟು ಹೊತ್ತೂ ಬಾಣಲೆಯ ತಳ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಇರುತ್ತದೆ. ಮಾಂಸ ಕೆಂಪಗೆ ಹುರಿದು ಘಮ ಬರಬೇಕಾದರೆ ಅದರ ಮೈ 140 ಡಿಗ್ರಿಯಾದರೂ ದಾಟಬೇಕು. ಹೋಟೆಲಿನ ವೊಕ್ (ಚೀನೀ ಬಾಣಲೆ) ಒಲೆ 1,00,000 ಬಿಟಿಯು ಮೀರಿ ಉರಿಯುತ್ತದೆ. ಅಲ್ಲಿ ನೀರು ಬಿದ್ದದ್ದೇ ಗೊತ್ತಾಗುವುದಿಲ್ಲ. ನಮಗೆ ಆ ಉರಿ ಸಿಗುವುದಿಲ್ಲ, ಆದ್ದರಿಂದ ನೀರನ್ನೇ ಕಡಿಮೆ ಮಾಡಬೇಕು. ಕೆಳಗೆ ಬರೆದಿರುವುದೆಲ್ಲ ಆ ಒಂದು ಕೆಲಸಕ್ಕಾಗಿ.

ಇಲ್ಲಿ ಹಿಡಿದಿರುವುದು ಬೀಫ್ ಮತ್ತು ಬ್ರೊಕೋಲಿ, ಜೊತೆಗೊಂದು ಕ್ಯಾಪ್ಸಿಕಂ. ದಕ್ಷಿಣ ಚೀನಾದ ಕ್ಯಾಂಟನೀಸ್ ಅಡುಗೆಯಲ್ಲಿ ಬೀಫಿಗೆ ಜೊತೆಯಾಗುವುದು ಗೈಲಾನ್ ಎಂಬ ದಪ್ಪ ದಂಟಿನ ಸೊಪ್ಪು. ಅಮೆರಿಕಕ್ಕೆ ಹೋದ ಚೀನೀ ಅಡುಗೆಯವರು ಅದರ ಜಾಗಕ್ಕೆ ಅಲ್ಲಿ ಸುಲಭವಾಗಿ ಸಿಗುತ್ತಿದ್ದ ಬ್ರೊಕೋಲಿ ತಂದರು. ಏಷ್ಯನ್ ಅಂಗಡಿಯಲ್ಲಿ ಗೈಲಾನ್ ಸಿಕ್ಕರೆ ಬಿಡಬೇಡಿ, ಇದೇ ಅಳತೆಗೆ ಸರಿಹೊಂದುತ್ತದೆ. ಅನ್ನದ ಜೊತೆ ಮೂರು ಜನರಿಗೆ 450 ಗ್ರಾಂ ಮಾಂಸ, 250 ಗ್ರಾಂ ಬ್ರೊಕೋಲಿ, ಒಂದು ಕ್ಯಾಪ್ಸಿಕಂ, ಒಂದು ಈರುಳ್ಳಿ ಸಾಕು. ಕೆಳಗಿನ ಅಳತೆಗಳಲ್ಲಿ ದೊಡ್ಡ ಚಮಚ ಅಂದರೆ 15 ಮಿಲಿಲೀಟರ್, ಸಣ್ಣ ಚಮಚ ಅಂದರೆ 5. ಆಸ್ಟ್ರೇಲಿಯಾದಲ್ಲಿರುವವರು ಗಮನಿಸಿ: ಅಲ್ಲಿ ಅಳತೆಯ ದೊಡ್ಡ ಚಮಚ 20 ಮಿಲಿಲೀಟರ್. ಸೋಯಾ ಸಾಸನ್ನು ಅದರಲ್ಲಿ ಅಳೆದರೆ ಉಪ್ಪು ಮೂರನೇ ಒಂದು ಪಾಲು ಏರಿಬಿಡುತ್ತದೆ.

ಮೊದಲು ಮಾಂಸ. ಅಮೆರಿಕದಲ್ಲಿ ಫ್ಲ್ಯಾಂಕ್ ಸ್ಟೇಕ್ (ಹೊಟ್ಟೆಯ ಭಾಗದ ತುಂಡು) ಕಣ್ಣುಮುಚ್ಚಿ ಕೊಳ್ಳಬಹುದು. ಎಳೆಗಳು ಉದ್ದಕ್ಕೆ, ಒಂದೇ ದಿಕ್ಕಿಗೆ, ಬಾಚಣಿಗೆಯಲ್ಲಿ ಬಾಚಿದ ಹಾಗೆ ಕಾಣುತ್ತವೆ. ಟಾಪ್ ಸರ್ಲಾಯಿನ್ ಕೂಡ ಆಗುತ್ತದೆ. ಇಂಗ್ಲೆಂಡಿನಲ್ಲೂ ಆಸ್ಟ್ರೇಲಿಯಾದಲ್ಲೂ ಅಮೆರಿಕದ ಸರ್ಲಾಯಿನ್‌ಗೆ ಹತ್ತಿರದ್ದು ರಂಪ್. ಅಲ್ಲಿ ಸರ್ಲಾಯಿನ್ ಎಂದು ಕೇಳಿದರೆ ಬೇರೆಯೇ, ಹೆಚ್ಚು ಬೆಲೆಯ ತುಂಡು ಸಿಗುತ್ತದೆ. ಟೆಂಡರ್‌ಲಾಯಿನ್‌ಗೆ ದುಡ್ಡು ಸುರಿಯುವ ಅಗತ್ಯವಿಲ್ಲ. ಮೆತ್ತಗಿರುವುದು ನಿಜ, ಆದರೆ ಸೋಯಾ ಬೆಳ್ಳುಳ್ಳಿಯ ಎದುರು ಅದರ ರುಚಿ ನಿಲ್ಲುವುದಿಲ್ಲ. ‘ಸ್ಟ್ಯೂ ಮೀಟ್’ ಎಂಬ ಚೀಟಿಯಿರುವ ತುಂಡುಗಳನ್ನು ಮಾತ್ರ ಮುಟ್ಟಬೇಡಿ. ಅವು ಎರಡು ಗಂಟೆ ಬೇಯಬೇಕಾದವು, ಎರಡು ನಿಮಿಷದಲ್ಲಿ ರಬ್ಬರ್ ಆಗುತ್ತವೆ. ‘ಸ್ಟರ್ ಫ್ರೈ’ ಚೀಟಿ ಅಂಟಿಸಿ ಕತ್ತರಿಸಿಟ್ಟದ್ದನ್ನೂ ನಂಬುವ ಹಾಗಿಲ್ಲ. ಬೇರೆಬೇರೆ ಭಾಗಗಳ ಚೂರುಗಳು ಒಂದೇ ಪೊಟ್ಟಣದಲ್ಲಿರಬಹುದು, ಕತ್ತರಿಸುವಾಗ ಎಳೆಯ ದಿಕ್ಕು ಯಾರೂ ನೋಡಿರುವುದಿಲ್ಲ.

ಕತ್ತರಿಸುವುದರಲ್ಲೇ ಅರ್ಧ ಅಡುಗೆ ಮುಗಿಯುತ್ತದೆ, ಅವಸರ ಬೇಡ. ಮಾಂಸವನ್ನು ಫ್ರೀಜರಿನಲ್ಲಿ 30ರಿಂದ 40 ನಿಮಿಷ ಇಡಿ. ಬೆರಳಿಂದ ಒತ್ತಿದರೆ ಹೊರಭಾಗ ಗಟ್ಟಿ, ನಡು ಸ್ವಲ್ಪ ಬಗ್ಗಬೇಕು. ಆ ಹದದಲ್ಲಿ ಚಾಕು ಜಾರುವುದಿಲ್ಲ, ಹೋಳು ತೆಳ್ಳಗೆ ಬರುತ್ತದೆ. ಪೂರ್ತಿ ಕಲ್ಲಾದರೆ ಕೈ ಕೊಯ್ದುಕೊಳ್ಳುತ್ತೀರಿ, ಹೊರಗೆ ಹತ್ತು ಹದಿನೈದು ನಿಮಿಷ ಬಿಡಿ. ಈಗ ತುಂಡನ್ನು ಹಲಗೆಯ ಮೇಲಿಟ್ಟು ಎಳೆಗಳು ಯಾವ ಕಡೆಗೆ ಓಡುತ್ತಿವೆ ಎಂದು ಹತ್ತಿರದಿಂದ ನೋಡಿ. ಚಾಕು ಆ ಎಳೆಗಳಿಗೆ ಅಡ್ಡ ಬರಬೇಕು. ಫ್ಲ್ಯಾಂಕನ್ನು ಮೊದಲು ಎಳೆಗುಂಟ 5 ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಸೀಳಿ, ಆಮೇಲೆ ಒಂದೊಂದು ಪಟ್ಟಿಯನ್ನೂ ಅಡ್ಡಲಾಗಿ 3 ಮಿಲಿಮೀಟರ್ ದಪ್ಪಕ್ಕೆ ಹೋಳು ಮಾಡಿ. ಚಾಕುವನ್ನು ತುಸು ಓರೆ ಹಿಡಿದರೆ ಹೋಳು ಅಗಲವಾಗುತ್ತದೆ. ಸರಿಯಾಗಿ ಬಂದಿದೆಯೇ ಎಂದು ನೋಡಲು ಒಂದು ಹೋಳನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಸುಲಭವಾಗಿ ಬಿರುಕು ಬಿಟ್ಟರೆ ಎಳೆ ತುಂಡಾಗಿದೆ. ರಬ್ಬರಿನಂತೆ ಹಿಗ್ಗಿ ವಾಪಸು ಬಂದರೆ ಎಳೆಗುಂಟ ಕತ್ತರಿಸಿದ್ದೀರಿ, ಹಲಗೆಯನ್ನು ಕಾಲು ಸುತ್ತು ತಿರುಗಿಸಿ. ರಂಪ್‌ನಲ್ಲಿ ಒಂದೇ ತುಂಡಿನೊಳಗೆ ಎಳೆಯ ದಿಕ್ಕು ಬದಲಾಗುವುದುಂಟು. ನಡುವೆ ಬೆಳ್ಳನೆಯ ಪೊರೆ ಕಾಣುವ ಕಡೆ ಬಿಡಿಸಿ ಎರಡು ಮಾಡಿ, ಬೇರೆಬೇರೆಯಾಗಿ ಕತ್ತರಿಸಿ. ಆ ಬಿಳಿ ಪೊರೆ ತೆಗೆದುಬಿಡಿ. ಬಿಸಿಗೆ ಮುದುಡಿ ಹೋಳನ್ನು ಸುರುಳಿ ಸುತ್ತಿಸುತ್ತದೆ, ಸುರುಳಿಯಾದ ಹೋಳು ತಳಕ್ಕೆ ತಾಗುವುದಿಲ್ಲ, ತಾಗದ್ದು ಹುರಿಯುವುದಿಲ್ಲ.

ಇನ್ನು ಅಡುಗೆ ಸೋಡಾ. ಹೋಟೆಲಿನ ಬೀಫ್ ಮೆತ್ತಗಿರುವುದರ ಗುಟ್ಟು ಹಲವು ಕಡೆ ಇದೇ. 450 ಗ್ರಾಂ ಹೋಳಿಗೆ ಅರ್ಧ ಸಣ್ಣ ಚಮಚ ಸೋಡಾ, ಎರಡು ದೊಡ್ಡ ಚಮಚ ನೀರು ಹಾಕಿ ಕೈಯಲ್ಲಿ ಕಲಸಿ 15ರಿಂದ 20 ನಿಮಿಷ ಬಿಡಿ. ಸೋಡಾದ ಕ್ಷಾರಕ್ಕೆ ಮಾಂಸದ ಪ್ರೋಟೀನುಗಳು ಬಿಸಿಯಲ್ಲಿ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳಲಾರವು, ಹಿಂಡಿ ನೀರು ಹೊರಹಾಕುವುದು ಕಡಿಮೆಯಾಗುತ್ತದೆ. ಒಂದೇ ಏಟಿಗೆ ಎರಡು ಲಾಭ: ಮಾಂಸ ಮೆತ್ತಗೆ, ಬಾಣಲೆ ಒಣಗಿದ್ದು. ಕ್ಷಾರವಿದ್ದರೆ ಮೈ ಕೆಂಪಾಗುವುದೂ ಬೇಗ. ಆಮೇಲೆ ಜರಡಿಯಲ್ಲಿ ಹಾಕಿ ನಲ್ಲಿಯ ಕೆಳಗೆ ಅರ್ಧ ನಿಮಿಷ ತೊಳೆಯಿರಿ, ಮುಷ್ಟಿಮುಷ್ಟಿಯಾಗಿ ಹಿಂಡಿ, ಪೇಪರ್ ಟವೆಲ್ ಮೇಲೆ ಹರಡಿ ಮೇಲಿಂದಲೂ ಒತ್ತಿ. ಕಾಗದ ಒದ್ದೆಯಾಗುವುದು ನಿಲ್ಲುವವರೆಗೆ. ಇಲ್ಲಿ ಸೋಮಾರಿತನ ತೋರಿದರೆ ಇಷ್ಟು ಮಾಡಿದ್ದೂ ದಂಡ. ಸೋಡಾ ಒಂದು ಚಮಚಕ್ಕೆ ಏರಿಸಿದರೆ ಅಥವಾ ಗಂಟೆಗಟ್ಟಲೆ ಬಿಟ್ಟರೆ ಮಾಂಸ ಲೋಳೆಯಾಗಿ ಬಾಯಿಗೆ ಸೋಪು ಬಂದಂತಾಗುತ್ತದೆ. ಇನ್ನೊಂದು, ಬೇಕಿಂಗ್ ಪೌಡರ್ ಬೇರೆ ವಸ್ತು. ಅದರಲ್ಲಿ ಸೋಡಾದ ಜೊತೆಗೆ ಹುಳಿಯೂ ಸೇರಿರುವುದರಿಂದ ಈ ಕೆಲಸ ಆಗುವುದಿಲ್ಲ.

ಒಣಗಿದ ಹೋಳಿಗೆ ಒಂದು ದೊಡ್ಡ ಚಮಚ ಲೈಟ್ ಸೋಯಾ ಸಾಸ್, ಒಂದು ದೊಡ್ಡ ಚಮಚ ಶಾವೊಶಿಂಗ್ ವೈನ್ (ಚೀನಾದ ಅಕ್ಕಿ ವೈನ್), ಕಾಲು ಸಣ್ಣ ಚಮಚ ಬಿಳಿ ಮೆಣಸಿನ ಪುಡಿ ಹಾಕಿ, ಬಟ್ಟಲಿನ ತಳದಲ್ಲಿ ರಸ ಉಳಿಯದಷ್ಟು ಹೊತ್ತು ಕೈಯಲ್ಲಿ ಕಲಸಿ. ವೈನ್ ಇಲ್ಲದಿದ್ದರೆ ಡ್ರೈ ಶೆರ್ರಿ, ಅದೂ ಬೇಡವೆನಿಸಿದರೆ ನೀರು ಸಾಕು. ವಿನೆಗರ್ ಹಾಕಬೇಡಿ, ಸೋಡಾ ಮಾಡಿದ ಕೆಲಸವನ್ನು ಹುಳಿ ಹಾಳುಮಾಡುತ್ತದೆ. ನಂತರ ಎರಡು ಸಣ್ಣ ಚಮಚ ಕಾರ್ನ್ ಸ್ಟಾರ್ಚ್, ಕೊನೆಗೆ ಒಂದು ದೊಡ್ಡ ಚಮಚ ಎಣ್ಣೆ. ಎಣ್ಣೆ ಹೋಳುಗಳನ್ನು ಬಿಡಿಬಿಡಿ ಮಾಡುತ್ತದೆ. ಅದಿಲ್ಲದೆ ಬಾಣಲೆಗೆ ಹಾಕಿದರೆ ಹಿಟ್ಟು ಮೆತ್ತಿದ ಒಂದೇ ಉಂಡೆ ಬೀಳುತ್ತದೆ.

ಈ ಕಾರ್ನ್ ಸ್ಟಾರ್ಚ್ ಹೆಸರಿನಲ್ಲಿ ಎಡವಟ್ಟಾಗುವುದು ಬಹಳ. ನಮ್ಮೂರ ಅಂಗಡಿಯಲ್ಲೂ ಇಂಗ್ಲೆಂಡಿನಲ್ಲೂ ಕಾರ್ನ್‌ಫ್ಲೋರ್ ಎಂದರೆ ಬಿಳಿಯ, ಬೆರಳ ನಡುವೆ ಕಿರುಗುಡುವ ಪಿಷ್ಟ. ಅಮೆರಿಕದಲ್ಲಿ ಅದೇ ಮಾತಿಗೆ ಮೆಕ್ಕೆಜೋಳದ ಹಿಟ್ಟು ಕೈಗೆ ಬರುತ್ತದೆ, ಅದರಲ್ಲಿ ಮಾಡಿದ ಸಾಸ್ ಅಂಬಲಿಯಾಗುತ್ತದೆ. ಅಲ್ಲಿ ಕಾರ್ನ್ ಸ್ಟಾರ್ಚ್ ಎಂದೇ ಕೇಳಿ. ರೆಸಿಪಿಗಳನ್ನು ಕನ್ನಡಕ್ಕೆ ತರುವವರು ಕೆಲವೊಮ್ಮೆ ‘ಜೋಳದ ಹಿಟ್ಟು’ ಎಂದು ಬರೆದುಬಿಡುತ್ತಾರೆ. ರೊಟ್ಟಿ ತಟ್ಟುವ ಹಿಟ್ಟನ್ನು ಸ್ಟರ್ ಫ್ರೈಗೆ ಹಾಕಿದವರ ಗತಿ ಏನಾಗಿರಬೇಡ!

ಕರ್ನಾಟಕದಲ್ಲಿರುವವರಿಗೆ ಲೆಕ್ಕ ಬೇರೆ. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಪ್ರಕಾರ ಹಸು, ಕರು, ಗೂಳಿ, ಎತ್ತು ಯಾವುದನ್ನೂ ಕಡಿಯುವ ಹಾಗಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರವಿದ್ದರೆ, ಅವಕಾಶ. ಅಂದರೆ ಅಂಗಡಿಯಲ್ಲಿ ಕಾನೂನಿನ ಪ್ರಕಾರ ಸಿಗುವುದು ಮುದಿ ಎಮ್ಮೆಯ ಮಾಂಸ. ವಯಸ್ಸಾದಂತೆ ಎಳೆಗಳ ನಡುವಿನ ನಾರು ಗಟ್ಟಿಯಾಗುತ್ತದೆ, ಎರಡು ನಿಮಿಷದ ಉರಿಗೆ ಅದು ಬಗ್ಗುವುದಿಲ್ಲ. ಕಟುಕರಲ್ಲಿ ‘ಅಂಡರ್‌ಕಟ್’ ಎಂದು ಕೇಳಿ ತನ್ನಿ. ಬೆನ್ನುಮೂಳೆಯ ಒಳಮೈಯಲ್ಲಿ ಉದ್ದಕ್ಕೆ ಮಲಗಿರುವ, ಹೆಚ್ಚು ದುಡಿಯದ ಸ್ನಾಯು ಅದು, ವಯಸ್ಸಾದ ಪ್ರಾಣಿಯಲ್ಲೂ ತಕ್ಕಮಟ್ಟಿಗೆ ಮೆತ್ತಗಿರುತ್ತದೆ. ಹೋಳು 2 ಮಿಲಿಮೀಟರಿಗೆ ಇಳಿಸಿ, ಸೋಡಾವನ್ನು 30 ನಿಮಿಷ ಬಿಡಿ. ತೊಡೆಯ ಮಾಂಸವೇ ಸಿಕ್ಕಿದರೆ ಸ್ಟರ್ ಫ್ರೈನ ಹಟ ಬಿಟ್ಟು, ಇಡೀ ತುಂಡನ್ನು ಶುಂಠಿ, ಉಪ್ಪು ಹಾಕಿ ಕುಕ್ಕರಿನಲ್ಲಿ ಬೇಯಿಸಿ, ಪೂರ್ತಿ ತಣಿದ ಮೇಲೆ ಹೋಳು ಮಾಡಿ, ಒಣಗಿಸಿ, ಬಿಸಿ ಎಣ್ಣೆಯಲ್ಲಿ ಮೈ ಕೆಂಪಾಗಿಸುವುದೇ ಜಾಣತನ. ಬೆಂದ ನೀರು ಸಾಸಿಗೆ ಆಗುತ್ತದೆ. ಹಸಿ ಪಪ್ಪಾಯಿ ತಿರುವಿ ಹಚ್ಚುವುದನ್ನು ಬಹಳ ಮನೆಗಳಲ್ಲಿ ಮಾಡುತ್ತಾರೆ, ಆದರೆ ಇಷ್ಟು ತೆಳುವಾದ ಹೋಳಿಗೆ ಅದು ಅಪಾಯ. ಸ್ವಲ್ಪ ಹೊತ್ತು ಹೆಚ್ಚಾದರೂ ಹೋಳಿನ ಮೈ ಹಿಟ್ಟಾಗುತ್ತದೆ, ನಡು ಹಾಗೇ ಇರುತ್ತದೆ.

ಸಾಸನ್ನು ಒಲೆ ಹಚ್ಚುವ ಮುಂಚೆಯೇ ಒಂದು ಬಟ್ಟಲಲ್ಲಿ ಸೇರಿಸಿಟ್ಟುಕೊಳ್ಳಬೇಕು. ಒಂದೂವರೆ ದೊಡ್ಡ ಚಮಚ ಲೈಟ್ ಸೋಯಾ, ಒಂದೂವರೆ ದೊಡ್ಡ ಚಮಚ ಆಯ್ಸ್ಟರ್ ಸಾಸ್, ಅರ್ಧ ಸಣ್ಣ ಚಮಚ ಡಾರ್ಕ್ ಸೋಯಾ, ಒಂದು ಸಣ್ಣ ಚಮಚ ಸಕ್ಕರೆ, ಒಂದೂವರೆ ಸಣ್ಣ ಚಮಚ ಕಾರ್ನ್ ಸ್ಟಾರ್ಚ್, ನಾಲ್ಕು ದೊಡ್ಡ ಚಮಚ ನೀರು. ಉಪ್ಪು ಬೇರೆ ಹಾಕಲೇಬೇಡಿ. ಡಾರ್ಕ್ ಸೋಯಾ ಬಣ್ಣಕ್ಕೆ ಮಾತ್ರ. ಮನೆಯಲ್ಲಿರುವುದು ಅದೊಂದೇ ಎಂದು ಎಲ್ಲ ಅಳತೆಗೂ ಅದನ್ನೇ ಸುರಿದರೆ ಮಾಂಸ ಡಾಂಬರಿನ ಹಾಗೆ ಕಾಣುತ್ತದೆ. ಎಳ್ಳೆಣ್ಣೆ ಒಂದು ಸಣ್ಣ ಚಮಚ, ಒಲೆ ಆರಿಸಿದ ಮೇಲೆ. ಇದು ಹುರಿದ ಎಳ್ಳಿನಿಂದ ತೆಗೆದ ಕಂದು ಎಣ್ಣೆ. ನಮ್ಮಲ್ಲಿ ಉಪ್ಪಿನಕಾಯಿಗೆ ಬಳಸುವ ಒಳ್ಳೆಣ್ಣೆಗೆ ಆ ಘಮ ಇರುವುದಿಲ್ಲ, ಅದಿದ್ದರೆ ಹಾಕದೆ ಬಿಟ್ಟರೂ ನಷ್ಟವಿಲ್ಲ.

ತರಕಾರಿಗಳಲ್ಲಿ ನೀರಿನ ಲೆಕ್ಕವೇ ಮುಖ್ಯ. ಬ್ರೊಕೋಲಿಯ ಹೂವು ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ, ತೊಳೆಯುವುದಿದ್ದರೆ ಎಲ್ಲಕ್ಕಿಂತ ಮೊದಲು ತೊಳೆದು ತಲೆಕೆಳಗಾಗಿ ಬಟ್ಟೆಯ ಮೇಲಿಡಿ. ಹೂವು 3 ಸೆಂಟಿಮೀಟರ್, ಉದ್ದಕ್ಕೆ ಸೀಳಿದರೆ ಚಪ್ಪಟೆ ಮೈ ಸಿಗುತ್ತದೆ, ಹುರಿಯುವುದು ಆ ಮೈಯೇ. ದಂಟು ಎಸೆಯುವವರನ್ನು ಕಂಡರೆ ಸಂಕಟ. ನವಿಲುಕೋಸಿನ ಹಾಗೇ ಸಿಪ್ಪೆ ದಪ್ಪಗೆ ಕೆತ್ತಿ 4 ಮಿಲಿಮೀಟರ್ ಬಿಲ್ಲೆ ಮಾಡಿದರೆ ಹೂವಿಗಿಂತ ರುಚಿ. ಕ್ಯಾಪ್ಸಿಕಂ, ಈರುಳ್ಳಿ ಎರಡನ್ನೂ 3 ಸೆಂಟಿಮೀಟರ್ ಚೌಕ ಮಾಡಿ, ಈರುಳ್ಳಿಯ ಪದರ ಬಿಡಿಸಿ. ಇವುಗಳ ಬದಲು ಬೀನ್ಸ್ ಆದೀತು, 5 ಸೆಂಟಿಮೀಟರ್ ಉದ್ದ, ಮೈ ಮೇಲೆ ಬೊಬ್ಬೆ ಏಳುವವರೆಗೆ ನಾಲ್ಕು ನಿಮಿಷ ಹುರಿಯಬೇಕು. ಸೀಮೆಬದನೆಕಾಯಿಯನ್ನು ಬೆಂಕಿಕಡ್ಡಿಯಂತೆ ಹೆಚ್ಚಿ ಹಾಕಿದರೂ ಸೊಗಸು, ಚೀನಾದಲ್ಲೂ ಅದನ್ನು ಹೀಗೇ ಹುರಿಯುತ್ತಾರೆ. ಟೊಮೆಟೊ ಬೇಡ, ಜುಕಿನಿ ಬೇಡ. ಅಣಬೆ ಬೇಕೇ ಬೇಕೆಂದರೆ ಒಂದೇ ಪದರದಲ್ಲಿ ಹರಡಿ ಅದರ ನೀರು ಬಿಟ್ಟು ಆರುವವರೆಗೆ ಪ್ರತ್ಯೇಕವಾಗಿ ಹುರಿದು ತೆಗೆದಿಡಿ. ಫ್ರೀಜರಿನ ಮಿಕ್ಸ್ ತರಕಾರಿ ಚೀಲವನ್ನು ಕರಗಿಸಿಡಬೇಡಿ, ಗಟ್ಟಿಯಾಗಿರುವಾಗಲೇ ಅರ್ಧರ್ಧ ಮಾಡಿ ಕಾದ ಬಾಣಲೆಗೆ ಹಾಕಿ. ಆದರೂ ಅದು ತಾಜಾ ತರಕಾರಿಯಷ್ಟು ಗರಿಗರಿ ಇರುವುದಿಲ್ಲ, ಇರುತ್ತದೆ ಎಂದು ಚೀಲದ ಮೇಲೆ ಬರೆದಿದ್ದರೂ.

ಬೆಳ್ಳುಳ್ಳಿ ನಾಲ್ಕು ಎಸಳು, ಶುಂಠಿ ಒಂದಂಗುಲ. ಎರಡನ್ನೂ ಚಾಕುವಿನಲ್ಲಿ ಸಣ್ಣಗೆ ಕೊಚ್ಚಿ. ಬಾಟಲಿಯ ಪೇಸ್ಟ್ ಇಲ್ಲಿ ನಡೆಯುವುದಿಲ್ಲ. ಅದರಲ್ಲಿ ನೀರಿದೆ, ಬಿಸಿ ಎಣ್ಣೆಗೆ ಬಿದ್ದೊಡನೆ ಸಿಡಿದು ತಳ ಹಿಡಿಯುತ್ತದೆ.

ಪಾತ್ರೆಯ ವಿಷಯಕ್ಕೆ ಬಂದರೆ, ಗ್ಯಾಸ್ ಒಲೆಯಿದ್ದರೆ ತೆಳು ಕಾರ್ಬನ್ ಸ್ಟೀಲಿನ ವೊಕ್ ಅಥವಾ ನಮ್ಮ ಕಬ್ಬಿಣದ ಬಾಣಲೆ. ಎಲೆಕ್ಟ್ರಿಕ್ ಕಾಯಿಲ್, ಗ್ಲಾಸ್ ಟಾಪ್ ಅಥವಾ ಇಂಡಕ್ಷನ್ ಆದರೆ ಗುಂಡು ತಳದ ವೊಕ್ ಮರೆತುಬಿಡಿ. ಒಲೆಗೆ ತಾಗುವುದೇ ರೂಪಾಯಿ ನಾಣ್ಯದಷ್ಟು ಜಾಗ. 30 ಸೆಂಟಿಮೀಟರಿನ, ಚಪ್ಪಟೆ ತಳದ, ಭಾರದ ಎರಕದ ಕಬ್ಬಿಣದ ಪ್ಯಾನ್ ತನ್ನೊಳಗೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ತಣ್ಣನೆಯ ಮಾಂಸ ಬಿದ್ದರೂ ಕುಸಿಯುವುದಿಲ್ಲ. ಅದಕ್ಕೆ ಐದು ನಿಮಿಷ ಮುಂಚಿತವಾಗಿ ಕಾವು ಕೊಡಬೇಕು. ಟಿವಿಯಲ್ಲಿ ಮಾಡಿದ ಹಾಗೆ ಎತ್ತಿ ಕುಲುಕುವುದು ಈ ಒಲೆಗಳಲ್ಲಿ ಶುದ್ಧ ನಷ್ಟ, ಎತ್ತಿದಷ್ಟು ಹೊತ್ತೂ ಬಿಸಿ ನಿಲ್ಲುತ್ತದೆ. ಮಗುಚುವ ಕೈಯಿಂದ ತಿರುವಿದರೆ ಸಾಕು. ನಾನ್‌ಸ್ಟಿಕ್ ಬೇಡ. ಬರೀ ಪಾತ್ರೆ 260 ಡಿಗ್ರಿ ದಾಟಿದರೆ ಅದರ ಲೇಪ ಕೆಟ್ಟು ಹೊಗೆ ಬಿಡತೊಡಗುತ್ತದೆ, ನಮಗೆ ಬೇಕಾದ ಕಾವು ಅದಕ್ಕೆ ಬಹಳ ದೂರದಲ್ಲೇನೂ ಇಲ್ಲ. ಎಣ್ಣೆಯಲ್ಲಿ ರಿಫೈನ್ಡ್ ಕಡಲೆಕಾಯಿ ಎಣ್ಣೆ ಉತ್ತಮ, 230 ಡಿಗ್ರಿಯವರೆಗೆ ಹೆಚ್ಚು ಹೊಗೆಯಾಡುವುದಿಲ್ಲ. ಗಾಣದ ಎಣ್ಣೆ ಬೇರೆಲ್ಲಕ್ಕೂ ಚೆನ್ನ, ಇಲ್ಲಿ ಬೇಗ ಸುಟ್ಟು ಕಹಿಯಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿದ್ದರೆ ಕಿಟಕಿ ತೆರೆದು, ಫ್ಯಾನ್ ಪೂರ್ತಿ ಹಾಕಿ, ಆಮೇಲೆ ಒಲೆ ಹಚ್ಚಿ. ಹೊಗೆ ಅಲಾರಂ ಕೂಗಿಕೊಂಡ ಮೇಲೆ ಕಿಟಕಿ ಹುಡುಕುತ್ತ ನಿಂತರೆ ಬೆಳ್ಳುಳ್ಳಿ ಕಾಯುವುದಿಲ್ಲ.

ಈಗ ಒಲೆಯ ಮುಂದೆ. ಇಲ್ಲಿಂದ ಎಲ್ಲ ಸೇರಿ ಎಂಟು ಹತ್ತು ನಿಮಿಷ, ಕೈಯಲ್ಲಿ ಫೋನ್ ಹಿಡಿಯುವ ಹಾಗಿಲ್ಲ. ಅನ್ನ ಆಗಿರಲಿ, ತಟ್ಟೆ ಪಕ್ಕದಲ್ಲಿರಲಿ.

ಕಾದ ಬಾಣಲೆಗೆ ಒಂದು ಹನಿ ನೀರು ಚಿಮುಕಿಸಿ. ಬಿದ್ದಲ್ಲೇ ಬುಸ್ಸೆಂದು ಆರಿಹೋದರೆ ಇನ್ನೂ ಹೊತ್ತಿದೆ. ಮುತ್ತಿನಂತೆ ಉಂಡೆಗಟ್ಟಿ ಓಡಾಡಿದರೆ ಹದ ಬಂತು. ನೀರು ಒರೆಸಿ ಒಂದು ದೊಡ್ಡ ಚಮಚ ಎಣ್ಣೆ ಹಾಕಿ ಸುತ್ತ ಆಡಿಸಿ, ಮೊದಲ ಹೊಗೆಯ ಎಳೆ ಕಂಡೊಡನೆ ಅರ್ಧ ಮಾಂಸ ಮಾತ್ರ ಹಾಕಿ. ಒಂದೊಂದು ಹೋಳೂ ತಳ ಮುಟ್ಟುವ ಹಾಗೆ ಹರಡಿ. ಆಮೇಲೆ ಕೈ ಕಟ್ಟಿ ನಿಲ್ಲಿ. 45 ಸೆಕೆಂಡು ಮುಟ್ಟಬಾರದು. ಹೆಸರಲ್ಲಿ ‘ಸ್ಟರ್’ ಇದೆ ಎಂದು ಮೊದಲ ಕ್ಷಣದಿಂದಲೇ ಕೆದಕುವವರೇ ಹೆಚ್ಚು ಕೆಡಿಸುವುದು. ಹೋಳಿನ ಅಂಚು ಬಣ್ಣ ತಿರುಗಿ, ತಾನಾಗಿ ತಳ ಬಿಟ್ಟು ಜಾರತೊಡಗಿದಾಗ ಮಗುಚಿ, ಇನ್ನು 30 ಸೆಕೆಂಡು ಆಡಿಸಿ. ಅಲ್ಲಲ್ಲಿ ಗುಲಾಬಿ ಬಣ್ಣ ಉಳಿದಿರುವಾಗಲೇ ತಟ್ಟೆಗೆ ತೆಗೆಯಿರಿ, ಉಳಿದದ್ದು ಸಾಸಿನಲ್ಲಿ ಬೇಯುತ್ತದೆ. ಬಾಣಲೆ ಮತ್ತೆ ಒಂದು ನಿಮಿಷ ಕಾಯಲಿ, ಇನ್ನಷ್ಟು ಎಣ್ಣೆ, ಉಳಿದರ್ಧ ಮಾಂಸ. ಈ ಎರಡು ಕಂತು ತಪ್ಪಿಸಲು ಯಾವ ಉಪಾಯವೂ ಇಲ್ಲ. 225 ಗ್ರಾಂ ಮನೆಯ ಒಲೆಯ ಮಿತಿ, ಸಣ್ಣ ಕಾಯಿಲ್ ಆದರೆ 150 ಗ್ರಾಮಿನ ಮೂರು ಕಂತು.

ತಳದಲ್ಲಿ ಕಂದು ಪೊರೆ ಅಂಟಿರುತ್ತದೆ. ಕಂದು ಇದ್ದರೆ ರುಚಿ, ಹಾಗೇ ಬಿಡಿ. ಕಪ್ಪಾಗಿದ್ದರೆ ನೀರು ಹಾಕಿ ಕೆರೆದು ಚೆಲ್ಲಿ, ಒರೆಸಿ ಮತ್ತೆ ಕಾಯಿಸಿ.

ಒಂದು ದೊಡ್ಡ ಚಮಚ ಎಣ್ಣೆ, ಬ್ರೊಕೋಲಿ ಹೂವು ಮತ್ತು ದಂಟು. ಚಪ್ಪಟೆ ಮೈಯಲ್ಲಿ ಕಂದು ಮಚ್ಚೆ ಬರುವವರೆಗೆ ಒಂದು ನಿಮಿಷ. ಆಮೇಲೆ ಮೂರು ದೊಡ್ಡ ಚಮಚ ನೀರು ಹಾಕಿ ಮುಚ್ಚಳ ಮುಚ್ಚಿ, ಒಂದೂವರೆ ನಿಮಿಷ. ಇಷ್ಟು ಹೊತ್ತು ನೀರನ್ನು ಬೈದು ಈಗ ನಾವೇ ಹಾಕುತ್ತಿದ್ದೇವೆ, ಹೌದು. ಬ್ರೊಕೋಲಿಯ ದಂಟು ಒಣ ಬಿಸಿಗೆ ಬೇಯುವ ಮುಂಚೆ ಹೂವು ಸುಟ್ಟುಹೋಗುತ್ತದೆ, ಅದಕ್ಕೆ ಆವಿಯೇ ಬೇಕು. ಮೂರು ಚಮಚ ಅಂದರೆ 45 ಮಿಲಿಲೀಟರ್, ಮಾಂಸ ಹೊರಗಿದೆ. ಮುಚ್ಚಳ ತೆಗೆದಾಗ ಹಸಿರು ಹೊಳೆಯುತ್ತಿರಬೇಕು, ನೀರು ಬಹುಪಾಲು ಹೋಗಿರಬೇಕು. ಉಳಿದಿದ್ದರೆ ಅದು ಆರುವವರೆಗೆ ಮುಂದೆ ಹೋಗಬೇಡಿ. ಮುಚ್ಚಿ ಮರೆತು ಆರೇಳು ನಿಮಿಷ ಬಿಟ್ಟರೆ ಬಣ್ಣ ಮಾಸಿ ಹಳೇ ಖಾಕಿಯಾಗುತ್ತದೆ, ಮನೆಯೆಲ್ಲ ಕೋಸಿನ ವಾಸನೆ. ಈಗ ಈರುಳ್ಳಿ, ಕ್ಯಾಪ್ಸಿಕಂ ಹಾಕಿ ಒಂದು ನಿಮಿಷ ಜೋರಾಗಿ ಆಡಿಸಿ.

ತರಕಾರಿಯನ್ನು ಅಂಚಿಗೆ ಸರಿಸಿ ನಡುವೆ ಜಾಗ ಮಾಡಿ, ಒಂದು ಸಣ್ಣ ಚಮಚ ಎಣ್ಣೆ, ಅದರ ಮೇಲೆ ಬೆಳ್ಳುಳ್ಳಿ, ಶುಂಠಿ. 15 ಸೆಕೆಂಡು. ಘಮ ಮೂಗಿಗೆ ಬಂದೊಡನೆ ಎಲ್ಲ ಸೇರಿಸಿ ತಿರುವಿ. ಒಗ್ಗರಣೆಯ ಅಭ್ಯಾಸದಿಂದ ಬೆಳ್ಳುಳ್ಳಿಯನ್ನು ಮೊದಲೇ ಹಾಕುತ್ತೇವೆ ನಾವು. ಈ ಕಾವಿನಲ್ಲಿ ಅದು ಅರ್ಧ ನಿಮಿಷಕ್ಕೆ ಕರಕಲಾಗಿ, ಇಡೀ ಅಡುಗೆಗೆ ಕಹಿ ಹಿಡಿಸುತ್ತದೆ.

ಮಾಂಸವನ್ನು ವಾಪಸು ಹಾಕಿ. ತಟ್ಟೆಯಲ್ಲಿ ಒಂದೆರಡು ಚಮಚ ರಸ ಇಳಿದಿರುತ್ತದೆ, ಅದನ್ನು ಬಾಣಲೆಗಲ್ಲ, ಸಾಸಿನ ಬಟ್ಟಲಿಗೆ ಬಗ್ಗಿಸಿ. ಸಾಸಿನ ತಳದಲ್ಲಿ ಪಿಷ್ಟ ಗಟ್ಟಿಯಾಗಿ ಕೂತಿರುತ್ತದೆ, ಬೆರಳಲ್ಲಾದರೂ ಕೆದಕಿ ಪೂರ್ತಿ ಕಲಕಿ. ಕಲಕದೆ ಸುರಿದರೆ ಮೊದಲು ಬರೀ ನೀರು, ಕೊನೆಗೆ ಹಿಟ್ಟಿನ ಗಂಟು. ಬಾಣಲೆಯ ಬಿಸಿ ಅಂಚಿನ ಸುತ್ತ ಹರಿಬಿಡಿ, ತಳ ಸೇರುವಷ್ಟರಲ್ಲಿ ಕಾದಿರುತ್ತದೆ, ಸೋಯಾದ ಹಸಿ ವಾಸನೆಯೂ ಹೋಗಿರುತ್ತದೆ. ಬಿಡದೆ ತಿರುವಿ. ಮೊದಲು ಮಬ್ಬಾಗಿದ್ದ ಸಾಸ್ ಕುದಿ ಬಂದು ಅರ್ಧ ನಿಮಿಷಕ್ಕೆ ಕನ್ನಡಿಯಂತೆ ತಿಳಿಯಾಗುತ್ತದೆ. ಪಿಷ್ಟ ಬೆಂದಿತು ಎಂಬುದಕ್ಕೆ ಅದೇ ಗುರುತು. ಮಬ್ಬಿರುವಾಗ ಇಳಿಸಿದರೆ ನಾಲಗೆಗೆ ಹಿಟ್ಟು ಹತ್ತುತ್ತದೆ. ಗಟ್ಟಿಯಾಯಿತು ಎನಿಸಿದರೆ ಒಂದು ಚಮಚ ನೀರು. ಒಲೆ ಆರಿಸಿ, ಎಳ್ಳೆಣ್ಣೆ ಹಾಕಿ ಒಮ್ಮೆ ತಿರುವಿ, ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ. ಎರಕದ ಕಬ್ಬಿಣ ಒಲೆ ಆರಿದ ಮೇಲೂ ಬೇಯಿಸುತ್ತಲೇ ಇರುತ್ತದೆ.

ಇಷ್ಟೆಲ್ಲ ಮಾಡಿಯೂ ನೀರು ನಿಂತಿತೇ? ಮಾಂಸವನ್ನು ತಕ್ಷಣ ಜಾಲರಿ ಸೌಟಿನಲ್ಲಿ ಎತ್ತಿ ತಟ್ಟೆಗೆ ಹಾಕಿ, ನೀರನ್ನು ಬಟ್ಟಲಿಗೆ ಬಗ್ಗಿಸಿ ಸಾಸಿಗೆ ಇಟ್ಟುಕೊಳ್ಳಿ (ಸಾಸಿನ ನೀರನ್ನು ಅಷ್ಟೇ ಕಡಿಮೆ ಮಾಡಿ), ಬಾಣಲೆ ಒರೆಸಿ ಕಾಯಿಸಿ, ಮಾಂಸವನ್ನು ಸಣ್ಣ ಕಂತಿನಲ್ಲಿ ಮತ್ತೆ ಹಾಕಿ. ಮೊದಲ ಹದ ಬರುವುದಿಲ್ಲ, ಆದರೆ ಊಟಕ್ಕೆ ಮೋಸವಿಲ್ಲ. ನೀರು ಆರಲಿ ಎಂದು ಮಾಂಸದ ಸಮೇತ ಕುದಿಸುತ್ತ ನಿಂತರೆ ಮಾತ್ರ ಅಗಿಯಲು ದವಡೆ ಸಾಲದು.

‘15 ನಿಮಿಷದಲ್ಲಿ ಸ್ಟರ್ ಫ್ರೈ’ ಎಂದು ಬರೆಯುವವರು ಹೆಚ್ಚುವುದನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಕೆಲಸದಿಂದ ಬಂದ ಕೂಡಲೇ ಮಾಂಸ ಫ್ರೀಜರಿಗೆ, ಬ್ರೊಕೋಲಿ ತೊಳೆದು ಬಟ್ಟೆಯ ಮೇಲೆ. ಕೈಕಾಲು ತೊಳೆದು, ಕಾಫಿ ಕುಡಿದು ಬಂದು ತರಕಾರಿ ಹೆಚ್ಚಿ, ಸಾಸ್ ಕಲಸುವಷ್ಟರಲ್ಲಿ ಅರ್ಧ ಗಂಟೆ. ಮಾಂಸ ಹೋಳು ಮಾಡಿ ಸೋಡಾ ಹಚ್ಚಿ, ಅದು ನೆನೆಯುವಾಗ ಅನ್ನಕ್ಕಿಡಿ. ಹಸಿ ಮಾಂಸ ಮುಟ್ಟಿದ ಹಲಗೆಯಲ್ಲಿ ತರಕಾರಿ ಹೆಚ್ಚಬಾರದು, ಆದ್ದರಿಂದಲೇ ತರಕಾರಿ ಮೊದಲು. ಅಂತೂ ಮನೆಗೆ ಬಂದ 70 ನಿಮಿಷಕ್ಕೆ ಊಟ, ಅದರಲ್ಲಿ ಕೈಗೆ ಕೆಲಸವಿರುವುದು 40 ನಿಮಿಷ. ಇದನ್ನೂ ಇಳಿಸಬೇಕೆಂದರೆ ಭಾನುವಾರವೇ ಮಾಂಸ ಕತ್ತರಿಸಿ, ಸೋಡಾ ತೊಳೆದು, ಸೋಯಾ, ಪಿಷ್ಟ ಕಲಸಿ, ಒಂದು ಕಂತಿಗೆ ಆಗುವಷ್ಟನ್ನು ಒಂದೊಂದು ಜಿಪ್ ಚೀಲದಲ್ಲಿ ರೊಟ್ಟಿಯಷ್ಟು ತೆಳ್ಳಗೆ ತಟ್ಟಿ ಫ್ರೀಜರಿಗೆ ಹಾಕಿ. ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿದರೆ ಸಂಜೆಗೆ ಕರಗಿರುತ್ತದೆ. ಬಿಟ್ಟ ರಸ ಬಗ್ಗಿಸಿ, ಕಾಗದದಲ್ಲಿ ಒತ್ತಿ ಹಾಕಿ. ಆಗ ನಿಜವಾಗಿಯೂ ಅರ್ಧ ಗಂಟೆಯ ಕೆಲಸ.

ಸಿಹಿ ಹಿಡಿಸದವರಿಗೆ ಕಾಳುಮೆಣಸಿನ ದಾರಿಯಿದೆ. ಆಯ್ಸ್ಟರ್ ಸಾಸನ್ನು ಒಂದು ದೊಡ್ಡ ಚಮಚಕ್ಕೆ, ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ, ಎರಡು ಸಣ್ಣ ಚಮಚ ಕಾಳುಮೆಣಸನ್ನು ಕಲ್ಲಿನಲ್ಲಿ ತರಿತರಿಯಾಗಿ ಕುಟ್ಟಿ. ಅರ್ಧವನ್ನು ಬೆಳ್ಳುಳ್ಳಿಯ ಜೊತೆ, ಅರ್ಧವನ್ನು ಒಲೆ ಆರಿಸಿದ ಮೇಲೆ. ಬ್ರೊಕೋಲಿ ಬಿಟ್ಟು ಈರುಳ್ಳಿ, ಕ್ಯಾಪ್ಸಿಕಂ ಎರಡೇ ಇದ್ದರೆ ಹೆಚ್ಚು ಚೆನ್ನ. ಕೊಡಗಿನ ಮೆಣಸು ಊರಿಂದ ಬಂದದ್ದಿದ್ದರೆ ಅದಕ್ಕೆ ಇದಕ್ಕಿಂತ ಒಳ್ಳೆಯ ಖರ್ಚಿಲ್ಲ. ಖಾರದ ಪುಡಿ, ಗರಂ ಮಸಾಲೆಗಳನ್ನು ಮಾತ್ರ ಬಾಣಲೆಗೆ ಹಾಕಬೇಡಿ, ಈ ಬಿಸಿಗೆ ಪುಡಿಗಳು ಕ್ಷಣದಲ್ಲಿ ಸೀದು ಕೆಮ್ಮು ಹತ್ತಿಸುತ್ತವೆ. ಖಾರ ಬೇಕಿದ್ದರೆ ಹಸಿಮೆಣಸಿನಕಾಯಿ ಸೀಳಿ ಕ್ಯಾಪ್ಸಿಕಂ ಜೊತೆ ಹಾಕಿ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ದಿನದೊಳಗೆ ಮುಗಿಸಿ. ಅನ್ನಕ್ಕೂ ಅದೇ ನಿಯಮ, ರಾತ್ರಿಯಿಡೀ ಕುಕ್ಕರಿನಲ್ಲಿ ಬಿಟ್ಟ ಅನ್ನ ಮರುದಿನದ ಡಬ್ಬಿಗೆ ಬೇಡ. ಮಾಡಿದ ಸ್ಟರ್ ಫ್ರೈಯನ್ನು ಫ್ರೀಜರಿಗೆ ಹಾಕಿದರೆ ಸಾಸ್ ಒಡೆದು ನೀರಾಗುತ್ತದೆ. ಡಬ್ಬಿಯದ್ದನ್ನು ಮೈಕ್ರೋವೇವಿನಲ್ಲಿ ಬಿಸಿಮಾಡಿದಾಗ ಬ್ರೊಕೋಲಿ ಮೆತ್ತಗಾಗುವುದನ್ನು ತಪ್ಪಿಸಲಾಗದು. ಡಬ್ಬಿಗೆಂದೇ ಮಾಡುವುದಾದರೆ ಬೀನ್ಸ್ ಹಾಕಿ, ಅದು ಎರಡನೇ ದಿನಕ್ಕೂ ತಡೆಯುತ್ತದೆ.

ಬಾಣಲೆಯನ್ನು ಬಿಸಿಯಿರುವಾಗಲೇ ಬಿಸಿನೀರು ಹಾಕಿ ಬ್ರಷ್ಷಿನಿಂದ ಉಜ್ಜಿ. ತಣ್ಣೀರು ಹಾಕಬೇಡಿ, ಎರಕದ ಕಬ್ಬಿಣ ಬಿರುಕು ಬಿಡಬಹುದು. ರಾತ್ರಿಯಿಡೀ ಸಿಂಕಿನಲ್ಲಿ ನೆನೆಸಿಟ್ಟರೆ ಬೆಳಿಗ್ಗೆ ತುಕ್ಕು. ಉಜ್ಜಿ ಒರೆಸಿ, ಒಲೆಯ ಮೇಲಿಟ್ಟು ಒಂದು ನಿಮಿಷ ಒಣಗಿಸಿ, ನಾಲ್ಕು ಹನಿ ಎಣ್ಣೆಯನ್ನು ಬಟ್ಟೆಯಲ್ಲಿ ಹಚ್ಚಿ ಮೂಲೆಗಿಡಿ.